ಜಿರೊಕಾಸ್ತರ್‌ಗೆ ಹಿರಿಯರೊಡನೆ ಹೋಗುವುದಾದರೆ

ಮೇ ತಿಂಗಳಲ್ಲಿ ಗ್ರೀಸಿನ ಕಾರ್ಫು ದ್ವೀಪಕ್ಕೆ ಹೋದಾಗ, ಎಪ್ಪತ್ತು ದಾಟಿದ ತಂದೆತಾಯಿಯರನ್ನು ಕರೆದುಕೊಂಡು ಒಂದು ದಿನದ ಮಟ್ಟಿಗೆ ಅಲ್ಬೇನಿಯಾದ ಜಿರೊಕಾಸ್ತರ್ ನೋಡಿ ಬರಬಹುದೇ, ಅದಕ್ಕಿಂತ ಅದೇ ದೇಶದ ಬೆರಾತ್ ಎಂಬ ಊರು ಒಳ್ಳೆಯದೇ, ಅಲ್ಲಿ ಸಸ್ಯಾಹಾರಿಗಳು ಏನು ತಿನ್ನಬೇಕು ಎಂದು ನೀವು ಕೇಳಿದ್ದೀರಿ. ಜಿರೊಕಾಸ್ತರ್‌ಗೇ ಹೋಗಿ, ಆದರೆ ದಿನದ ಪ್ರವಾಸವಾಗಿ ಬೇಡ, ಕನಿಷ್ಠ ಎರಡು ರಾತ್ರಿ ಉಳಿಯಿರಿ ಎನ್ನುವುದು ನನ್ನ ಸಲಹೆ. ಒಂದೇ ದಿನದಲ್ಲಿ ಬರುವವರು ಬಿಸಿಲೇರಿದ ಹೊತ್ತಿಗೆ ಕೋಟೆ ಹತ್ತಿ, ಬಜಾರಿನಲ್ಲಿ ಒಂದು ಸುತ್ತು ಹಾಕಿ ಮರಳುತ್ತಾರೆ. ಆ ಊರಿನ ನಿಜವಾದ ಸಂಪತ್ತಾದ ಹಳೆಯ ಮನೆಗಳಿಗೆ ಅವರಲ್ಲಿ ಸಮಯವೇ ಉಳಿಯುವುದಿಲ್ಲ.

ಎಲ್ಲಕ್ಕಿಂತ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಗ್ರೀಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದಲ್ಲಿ ಅಲ್ಬೇನಿಯಾ ಇಲ್ಲ. ಒಂದೇ ಬಾರಿಯ ಪ್ರವೇಶಕ್ಕೆ ಕೊಟ್ಟ ಷೆಂಗೆನ್ ವೀಸಾದಲ್ಲಿ ಕಾರ್ಫುವಿಗೆ ಬಂದವರು ಅಲ್ಲಿಂದ ದೋಣಿ ಹತ್ತಿ ಅಲ್ಬೇನಿಯಾಕ್ಕೆ ಹೋದರೆ, ಆ ವೀಸಾದ ಮೇಲೆ ಮತ್ತೆ ಗ್ರೀಸಿಗೆ ಕಾಲಿಡುವಂತಿಲ್ಲ. ಬಹುಪ್ರವೇಶದ ಷೆಂಗೆನ್ ವೀಸಾ ಇದ್ದು, ಅದನ್ನು ಈಗಾಗಲೇ ಒಮ್ಮೆ ಬಳಸಿದ್ದರೆ, ಅಲ್ಬೇನಿಯಾದ ಪ್ರತ್ಯೇಕ ವೀಸಾ ಇಲ್ಲದೆ ಭಾರತೀಯರಿಗೆ ಪ್ರವೇಶ ಸಿಗುತ್ತಾ ಬಂದಿದೆ. ಉಳಿದವರು ಆನ್‌ಲೈನಿನಲ್ಲಿ ಇ-ವೀಸಾಕ್ಕೆ ಅರ್ಜಿ ಹಾಕಬೇಕು. ಈ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮುನ್ನ ಅಲ್ಬೇನಿಯಾ ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲಿ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಮೂವರ ವೀಸಾಗಳೂ ಒಂದೇ ಬಗೆಯವು ಎಂದು ಭಾವಿಸದೆ ಒಂದೊಂದನ್ನೂ ತೆರೆದು ಓದಿ.

ಕಾರ್ಫುವಿನಿಂದ ಸರಾಂದ ಬಂದರಿಗೆ ವೇಗದ ದೋಣಿ ಸುಮಾರು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ, ದೊಡ್ಡ ಫೆರಿಗೆ ಒಂದು ಗಂಟೆಗಿಂತ ತುಸು ಹೆಚ್ಚು ಬೇಕು. ಗ್ರೀಸಿನ ಗಡಿಯಾರ ಅಲ್ಬೇನಿಯಾದ್ದಕ್ಕಿಂತ ಒಂದು ಗಂಟೆ ಮುಂದಿರುತ್ತದೆ; ಮರಳುವ ದೋಣಿಯ ಸಮಯ ಯಾವ ದೇಶದ ಲೆಕ್ಕದ್ದೆಂದು ಕೇಳಿಕೊಳ್ಳಿ. ಸರಾಂದದಿಂದ ಜಿರೊಕಾಸ್ತರ್ ಬಸ್ಸಿನಲ್ಲಿ ಒಂದರಿಂದ ಒಂದೂವರೆ ಗಂಟೆಯ ದಾರಿ. ಬಸ್ಸು ನಿಮ್ಮನ್ನು ಇಳಿಸುವುದು ಕಣಿವೆಯ ಹೆದ್ದಾರಿಗೆ ಅಂಟಿಕೊಂಡಿರುವ ಹೊಸ ಊರಿನಲ್ಲಿ. ಹಳೆಯ ಊರು ಅಲ್ಲಿಂದ ಕಡಿದಾದ ಏರಿನ ಮೇಲಿದೆ. ನಕ್ಷೆಯಲ್ಲಿ ಅಂತರ ಚಿಕ್ಕದಾಗಿ ಕಂಡರೂ ಸಾಮಾನು ಹೊತ್ತು ಹಿರಿಯರೊಡನೆ ಅದನ್ನು ನಡೆಯುವ ಸಾಹಸ ಬೇಡ, ಟ್ಯಾಕ್ಸಿ ಹಿಡಿಯಿರಿ. ವಸತಿ ಕಾದಿರಿಸುವಾಗ ಬಾಗಿಲ ತನಕ ವಾಹನ ಬರುತ್ತದೆಯೇ, ಒಳಗೆ ಎಷ್ಟು ಮೆಟ್ಟಿಲುಗಳಿವೆ ಎಂಬ ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರ ಪಡೆಯಿರಿ. ಹಳೆಯ ಮನೆಗಳನ್ನೇ ಅತಿಥಿಗೃಹಗಳಾಗಿ ಮಾಡಿರುವುದರಿಂದ ಸುಂದರವಾದ ಕೋಣೆ ಬಹುಮಟ್ಟಿಗೆ ಮೇಲಿನ ಮಹಡಿಯಲ್ಲಿಯೇ ಇರುತ್ತದೆ.

ಇಳಿಜಾರಿಗಿಂತ ಹೆಚ್ಚು ತೊಂದರೆ ಕೊಡುವುದು ನೆಲಹಾಸಿನ ಕಲ್ಲು. ಬಜಾರಿನ ಬೀದಿಗಳಲ್ಲಿ ಬೇರೆ ಬೇರೆ ಬಣ್ಣದ ಕಲ್ಲುಗಳನ್ನು ಚಿತ್ತಾರವಾಗಿ ಜೋಡಿಸಿದ್ದಾರೆ. ಕಾಲ ಸವೆತದಿಂದ ಅವು ನುಣುಪಾಗಿವೆ, ಮಳೆ ಬಿದ್ದರೆ ಜಾರುತ್ತವೆ. ನಮ್ಮ ಲೆಕ್ಕಕ್ಕೆ ವಿರುದ್ಧವಾಗಿ ಅಲ್ಲಿ ಮಳೆಗಾಲವೆಂದರೆ ಚಳಿಗಾಲ, ನವೆಂಬರಿನಿಂದ ಮಾರ್ಚಿಯವರೆಗೆ ಜೋರಾಗಿ ಸುರಿಯುತ್ತದೆ. ನೀವು ಆರಿಸಿಕೊಂಡಿರುವ ಮೇ ತಿಂಗಳು ಒಳ್ಳೆಯದೇ, ಆದರೂ ಹಿಡಿತವಿರುವ ರಬ್ಬರ್ ಅಟ್ಟೆಯ ಬೂಟು ಮತ್ತು ಒಂದು ಊರುಗೋಲು ಜೊತೆಗಿರಲಿ. ಚಪ್ಪಲಿಯಲ್ಲಿ ಓಡಾಡುವ ಊರು ಅದಲ್ಲ.

ಈಗ ಮನೆಗಳ ವಿಷಯ. ಜಿರೊಕಾಸ್ತರ್ 2005ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿದ್ದು ಮುಖ್ಯವಾಗಿ ಇವುಗಳಿಂದಾಗಿ. ಬೆರಾತ್ 2008ರಲ್ಲಿ ಅದೇ ತಾಣದ ವಿಸ್ತರಣೆಯಾಗಿ ಸೇರಿತು. ತುರ್ಕಿಯ ಒಟ್ಟೊಮಾನರು ಆಳುತ್ತಿದ್ದ ಕಾಲದ ಭೂಮಾಲೀಕರು ಮತ್ತು ಅಧಿಕಾರಿಗಳು ಕಟ್ಟಿಸಿದ ಈ ಗೋಪುರದಂಥ ಮನೆಗಳ ಕೆಳಭಾಗವೆಲ್ಲ ದಪ್ಪ ಕಲ್ಲುಗೋಡೆ, ಕಿಟಕಿಗಳು ಕಡಿಮೆ. ಮೇಲೇರಿದಂತೆ ಕಿಟಕಿಗಳು ಹೆಚ್ಚುತ್ತವೆ, ಮರದ ಕೆಲಸ ಕಾಣಿಸಿಕೊಳ್ಳುತ್ತದೆ. ಚಾವಣಿಗೆ ಕಡಪ ಕಲ್ಲಿನಂಥ ಬೂದು ಚಪ್ಪಡಿಗಳನ್ನು ಒಂದರ ಮೇಲೊಂದು ಹೊದಿಸಿದ್ದಾರೆ. ಚಾವಣಿಯ ಮೇಲೆ ಬಿದ್ದ ಮಳೆನೀರನ್ನು ಕೆಳ ಅಂತಸ್ತಿನ ತೊಟ್ಟಿಗೆ ಇಳಿಸಿ ಬೇಸಿಗೆಗೆ ಕೂಡಿಡುತ್ತಿದ್ದರು. ಚಳಿಗಾಲದಲ್ಲಿ ಕುಟುಂಬ ಕೆಳಗಿನ ಬೆಚ್ಚನೆಯ ಕೋಣೆಗಳಲ್ಲಿ ವಾಸಿಸಿ, ಬೇಸಿಗೆಯಲ್ಲಿ ಗಾಳಿಯಾಡುವ ಮೇಲಂತಸ್ತಿಗೆ ಹೋಗುತ್ತಿತ್ತು. ಅತಿಥಿಗಳ ಕೋಣೆಯ ಒಂದು ಬದಿಯಲ್ಲಿ ಎತ್ತರದ ಅಟ್ಟಣೆಯಿದ್ದು, ಮನೆಯ ಹೆಂಗಸರು ಮರದ ಜಾಲರಿಯ ಹಿಂದೆ ಕುಳಿತು ಕೆಳಗಿನ ಮಾತುಕತೆಯನ್ನು ಗಮನಿಸುತ್ತಿದ್ದರು.

ಎರಡು ಮನೆಗಳನ್ನು ತಪ್ಪದೆ ನೋಡಿ. ಜೆಕಾತೆ ಮನೆ 1812ರ ಸುಮಾರಿನದು, ಅವಳಿ ಗೋಪುರಗಳದು, ಊರಿನ ಮೇಲ್ಭಾಗದಲ್ಲಿದೆ. ಮೂರನೆಯ ಅಂತಸ್ತಿನ ಅತಿಥಿ ಕೋಣೆಯ ಬಣ್ಣದ ಚಿತ್ರಗಳು ಮತ್ತು ಅಗ್ಗಿಷ್ಟಿಕೆ ನೋಡತಕ್ಕವು. ಅಲ್ಲಿಗೆ ಏರು ಹೆಚ್ಚು, ಒಳಗೆ ಮೆಟ್ಟಿಲುಗಳೂ ಹೆಚ್ಚು. ಸ್ಕೆಂದುಲಿ ಮನೆಯನ್ನು ಆ ಕುಟುಂಬದವರೇ ನೋಡಿಕೊಳ್ಳುತ್ತಿದ್ದು, ಅವರೇ ಕೋಣೆಯಿಂದ ಕೋಣೆಗೆ ಕರೆದೊಯ್ದು ವಿವರಿಸುತ್ತಾರೆ. ತಂದೆತಾಯಿಗೆ ಒಂದೇ ಮನೆ ಸಾಧ್ಯವೆಂದಾದರೆ ಸ್ಕೆಂದುಲಿಯನ್ನೇ ಆರಿಸಿ. ಅದರ ಸಮೀಪದ ಜನಾಂಗೀಯ ವಸ್ತುಸಂಗ್ರಹಾಲಯವು 1944ರಿಂದ 1985ರಲ್ಲಿ ಸಾಯುವ ತನಕ ದೇಶವನ್ನು ಆಳಿದ ಕಮ್ಯುನಿಸ್ಟ್ ನಾಯಕ ಎನ್ವರ್ ಹೋಜಾ ಹುಟ್ಟಿದ ಮನೆಯ ಜಾಗದಲ್ಲಿದೆ, ಆದರೆ ಈಗಿನ ಕಟ್ಟಡ ಬೆಂಕಿ ಅನಾಹುತದ ನಂತರ 1966ರಲ್ಲಿ ಹೊಸದಾಗಿ ಕಟ್ಟಿದ್ದು. ಆತನ ಆಡಳಿತವೇ 1961ರಲ್ಲಿ ಈ ಊರನ್ನು ವಸ್ತುಸಂಗ್ರಹಾಲಯ ನಗರವೆಂದು ಘೋಷಿಸಿ ಕಾಪಾಡಿತು. ಅದೇ ಆಡಳಿತ 1967ರಲ್ಲಿ ಧರ್ಮಾಚರಣೆಯನ್ನು ನಿಷೇಧಿಸಿ ಊರಿನ ಮಸೀದಿಗಳನ್ನು ಕೆಡವಿಸಿತು. 1757ರ ಬಜಾರ್ ಮಸೀದಿ ಮಾತ್ರ ಸ್ಮಾರಕವೆಂಬ ಕಾರಣಕ್ಕೆ ಉಳಿಯಿತು, ಅದರ ಎತ್ತರದ ಗುಮ್ಮಟದಡಿ ಸರ್ಕಸ್ಸಿನವರು ಅಭ್ಯಾಸ ಮಾಡುತ್ತಿದ್ದರೆಂದು ಹೇಳುತ್ತಾರೆ. ಓಣಿಗಳಲ್ಲಿ ಚಾವಣಿ ಕುಸಿದ ಮನೆಗಳೂ ಕಾಣಸಿಗುತ್ತವೆ. ಮಾಲೀಕರು ಊರು ಬಿಟ್ಟ ಮೇಲೆ ಒಂದೆರಡು ಚಪ್ಪಡಿ ಸರಿದರೂ ನೀರು ಇಳಿದು ತೊಲೆ ಕೊಳೆಯುತ್ತದೆ, ಕೊನೆಗೆ ಕಲ್ಲಿನ ಭಾರಕ್ಕೆ ಎಲ್ಲವೂ ಕೆಳಗಿಳಿಯುತ್ತದೆ. ಅಂಥ ಮನೆಗಳೊಳಗೆ ಫೋಟೊಗಾಗಿ ನುಗ್ಗಬೇಡಿ.

ಕೋಟೆಗೆ ಟ್ಯಾಕ್ಸಿಯಲ್ಲಿ ಬಾಗಿಲ ಸಮೀಪದವರೆಗೆ ಹೋಗಿ, ಬೆಳಗ್ಗೆ ತೆರೆದ ಕೂಡಲೇ ನೋಡಿ ಮುಗಿಸಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಒಟ್ಟೊಮಾನರ ಪ್ರಾಂತಾಧಿಕಾರಿಯಾಗಿದ್ದ ತೆಪೆಲೆನದ ಅಲಿ ಪಾಷಾ ಇದನ್ನು ವಿಸ್ತರಿಸಿದ, ಮುಂದೆ ಅಲ್ಬೇನಿಯಾದ ಜೋಗ್ ದೊರೆಯ ಕಾಲದಲ್ಲಿ ಇದು ಸೆರೆಮನೆಯಾಗಿತ್ತು. ಒಳಗೆ ಕಮಾನುಗಳ ಕತ್ತಲ ಪಡಸಾಲೆಯಲ್ಲಿ ಸಾಲಾಗಿ ಫಿರಂಗಿಗಳಿವೆ, ನೆಲ ಸಮತಟ್ಟಿಲ್ಲ, ನಿಧಾನವಾಗಿ ನಡೆಯಿರಿ. ಹೊರಗೆ ತುಕ್ಕು ಹಿಡಿದ ಅಮೆರಿಕದ ಟಿ-33 ಎಂಬ ತರಬೇತಿ ಜೆಟ್ ವಿಮಾನವಿದೆ. 1957ರ ಡಿಸೆಂಬರಿನಲ್ಲಿ ಅದು ಅಲ್ಬೇನಿಯಾದಲ್ಲಿ ಇಳಿಯಬೇಕಾಗಿ ಬಂತು. ಬೇಹುಗಾರಿಕೆಯ ವಿಮಾನವನ್ನು ಹಿಡಿದೆವು ಎಂದು ಸರ್ಕಾರ ಅದನ್ನು ಪ್ರದರ್ಶನಕ್ಕಿಟ್ಟಿತು. ಬಯಲಿನ ಅಂಚುಗಳಲ್ಲಿ ಎಲ್ಲೆಡೆ ತಡೆಬೇಲಿ ಇಲ್ಲ, ತಂದೆಯವರು ಕೆಳಗಿನ ದ್ರಿನೊ ನದಿಯ ಕಣಿವೆಯ ಫೋಟೊ ತೆಗೆಯುತ್ತಾ ಹಿಂದೆ ಹೆಜ್ಜೆಯಿಡದಂತೆ ನೋಡಿಕೊಳ್ಳಿ. ಕೋಟೆಯಡಿಯ ಶೀತಲ ಸಮರದ ಸುರಂಗದಲ್ಲಿ ಅಧಿಕಾರಿಗಳಿಗಾಗಿ ಮಾಡಿದ ಸುಮಾರು 80 ಕೋಣೆಗಳಿವೆ, ಮಾರ್ಗದರ್ಶಿಯೊಡನೆ ನೋಡಬೇಕು. ತೇವ ಮತ್ತು ತಂಪು ಜಾಸ್ತಿ, ಇತಿಹಾಸದಲ್ಲಿ ಆಸಕ್ತಿಯಿಲ್ಲದವರು ಬಿಡಬಹುದು.

ಸಸ್ಯಾಹಾರಿಗಳು ಹಸಿದು ಮಲಗಬೇಕಾಗಿಲ್ಲ. ಪಾಲಕ್ ಅಥವಾ ಚೀಸ್ ತುಂಬಿದ ಬ್ಯುರೆಕ್ ಎಂಬ ತೆಳುಪದರಗಳ ತಿನಿಸು, ಬೀನ್ಸ್ ಕಾಳಿನ ಸಾರಿನಂಥ ಯಾನಿ ಮೆ ಫಸುಲೆ, ಬದನೆ ಮತ್ತು ದಪ್ಪ ಮೆಣಸಿನಕಾಯಿಯ ತಿನಿಸುಗಳು, ಮೊಸರು, ಆಲಿವ್ ಎಲ್ಲ ಕಡೆ ದೊರೆಯುತ್ತವೆ. ಊರಿನ ವಿಶೇಷವಾದ ಚಿಫ್ಚಿ ಎಂಬ ಪುದೀನ ಹಾಕಿದ ಅನ್ನದುಂಡೆಯಲ್ಲಿ ಮಾಂಸವಿರದಿದ್ದರೂ ಮೊಟ್ಟೆ ಇರುತ್ತದೆ. ಅಂಜೂರ ಮತ್ತು ಕುರಿಹಾಲಿನ ಓಶಾಫ್ ಎಂಬ ಸಿಹಿಯನ್ನು ತಾಯಿಯವರು ಮೆಚ್ಚಬಹುದು. ತುಂಬಿಸಿದ ಮೆಣಸಿನಕಾಯಿಯಲ್ಲಿ ಕೈಮಾ ಸೇರಿರಬಹುದಾದ್ದರಿಂದ ‘ಪಾ ಮಿಶ್’, ಅಂದರೆ ಮಾಂಸವಿಲ್ಲದೆ, ಎಂದು ಹೇಳಿ ‘ಪೊ’ (ಹೌದು) ಅಥವಾ ‘ಯೊ’ (ಇಲ್ಲ) ಎಂಬ ಬಾಯಿಮಾತಿನ ಉತ್ತರಕ್ಕಾಗಿ ಕಾಯಿರಿ. ಹಳೆಯ ತಲೆಮಾರಿನವರು ಹೌದೆನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ, ಇಲ್ಲವೆನ್ನಲು ಮೇಲೆ ಕೆಳಗೆ. ಅದಕ್ಕೆ ನಮ್ಮ ಕಡೆಯ ತಲೆಯಾಟವೂ ಸೇರಿದರೆ ತಟ್ಟೆಗೆ ಏನು ಬರುತ್ತದೆಂದು ಹೇಳಲಾಗದು.

ಹಣದ ಲೆಕ್ಕ ಸುಲಭ: ಅಲ್ಬೇನಿಯಾದ ನಾಣ್ಯವಾದ ಒಂದು ಲೆಕ್ ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ. ಆದರೆ 1965ರಲ್ಲಿ ನಾಣ್ಯದ ಒಂದು ಸೊನ್ನೆ ತೆಗೆದುಹಾಕಿದರೂ ಹಲವರು ಇಂದಿಗೂ ಹಳೆಯ ಲೆಕ್ಕದಲ್ಲಿಯೇ ಬೆಲೆ ಹೇಳುತ್ತಾರೆ. 500 ಲೆಕ್ಕಿನ ವಸ್ತುವಿಗೆ 5000 ಎಂದರೆ ಮೋಸವೆಂದು ಜಗಳಕ್ಕೆ ನಿಲ್ಲದೆ, ಬರೆದು ತೋರಿಸಲು ಹೇಳಿ. ಟಿಕೆಟ್ಟು, ಟ್ಯಾಕ್ಸಿಗಳಿಗೆ ನಗದು ಇಟ್ಟುಕೊಳ್ಳಿ.

ಬೆರಾತ್ ಕೂಡ ಚೆಂದದ ಊರು. ಓಸುಮ್ ನದಿಯ ಮೇಲೆ ಸಾಲುಗಟ್ಟಿದ ಕಿಟಕಿಗಳ ಮಂಗಲೆಮ್ ಬಡಾವಣೆ, ಇಂದಿಗೂ ಜನರು ವಾಸಿಸುವ ಕೋಟೆ, ಅದರೊಳಗೆ ಒನುಫ್ರಿ ಎಂಬ ಕಲಾವಿದನ ಹೆಸರಿನ ಕ್ರೈಸ್ತ ಪ್ರತಿಮಾಚಿತ್ರಗಳ ಸಂಗ್ರಹಾಲಯ ಎಲ್ಲವೂ ಅಲ್ಲಿವೆ. ಆದರೆ ಅದು ರಾಜಧಾನಿ ಟಿರಾನಾದಿಂದ, ಅಂದರೆ ಮದರ್ ತೆರೇಸಾ ಹೆಸರಿನ ವಿಮಾನ ನಿಲ್ದಾಣದಲ್ಲಿ ಇಳಿಯುವವರಿಗೆ, ಸಮೀಪ. ಕಾರ್ಫುವಿನಿಂದ ಬರುವ ನಿಮಗೆ ದಾರಿ ಉದ್ದ. ಅದರ ಬದಲು ಸರಾಂದಕ್ಕೆ ಮರಳುವಾಗ ಟ್ಯಾಕ್ಸಿ ಮಾಡಿಕೊಂಡು ಸಿರಿ ಇ ಕಾಲ್ತರ್ ಎಂಬ ನೀಲಿ ಬುಗ್ಗೆಯ ಬಳಿ ನಿಲ್ಲಿ. ಮುಳುಗುಗಾರರು 50 ಮೀಟರಿಗಿಂತ ಆಳಕ್ಕೆ ಇಳಿದರೂ ಅದರ ತಳ ಸಿಕ್ಕಿಲ್ಲ, ನೀರು ವರ್ಷವಿಡೀ ಸುಮಾರು 10 ಡಿಗ್ರಿಯಷ್ಟು ತಣ್ಣಗಿರುತ್ತದೆ. ವಾಹನ ನಿಲ್ದಾಣದಿಂದ ಬುಗ್ಗೆಯವರೆಗೆ ಸುಮಾರು ಎರಡು ಕಿಲೋಮೀಟರ್ ನಡಿಗೆಯಿದೆ, ನೆರಳು ಕಡಿಮೆ. ಹಿರಿಯರಿಗಾಗಿ ಅಲ್ಲಿ ಬಾಡಿಗೆಯ ವಾಹನವೇನಾದರೂ ಸಿಗುತ್ತದೆಯೇ ಎಂದು ನಿಮ್ಮ ಟ್ಯಾಕ್ಸಿಯವರನ್ನು ಹೊರಡುವ ಮುನ್ನವೇ ವಿಚಾರಿಸಿ.