ಏಕವಚನ ಟೈಪ್ ಆಗುವುದಿಲ್ಲ

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ಬಂದು ಎರಡು ವಾರವಾಯಿತು. ಹೆಸರು, ಊರು ಹಾಕಬೇಡಿ ಎಂದಿದ್ದೀರಿ. ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ನಿಮಗೆ ಅರವತ್ತೊಂದು ವರ್ಷ. ಅಪ್ಪನ ಆಸ್ತಿಯಲ್ಲಿ ಪಾಲು ಕೇಳಿ ದಾವೆ ಹಾಕಿದ್ದೀರಿ. ಪಾಟಿ ಸವಾಲಿನ ದಿನ ಮಂಡಿ ನೋವಿಟ್ಟುಕೊಂಡು ಕಟಕಟೆಯಲ್ಲಿ ಮುಕ್ಕಾಲು ಗಂಟೆ ನಿಂತಿದ್ದಿರಿ. ಎದುರು ಪಾರ್ಟಿ ವಕೀಲರು ಪಹಣಿ ಬಗ್ಗೆ ಏನೋ ಕೇಳಿದರು. ಅರ್ಥವಾಗಲಿಲ್ಲ, "ಇನ್ನೊಂದ್ಸಲ ಹೇಳಿ" ಅಂದಿರಿ. ಆಗ ಜಡ್ಜ್, "ಏನಮ್ಮಾ, ಕಿವಿ ಕೇಳ್ಸಲ್ವಾ ನಿಂಗೆ? ಹೌದು ಅನ್ನು, ಇಲ್ಲ ಅನ್ನು. ಕಥೆ ಹೇಳ್ಬೇಡ" ಅಂದರು. ಕೋರ್ಟ್ ಹಾಲ್‌ನಲ್ಲಿದ್ದವರು ನಕ್ಕರು.

ನಿಮ್ಮ ಪ್ರಶ್ನೆ ಎರಡು. ಜಡ್ಜ್ ಹೀಗೆ ಮಾತಾಡಬಹುದಾ? ತಿರುಗಿ ಒಂದು ಮಾತು ಅಂದಿದ್ದರೆ ಜೈಲಿಗೆ ಹಾಕುತ್ತಿದ್ದರಾ?

ಮೊದಲನೆಯದಕ್ಕೆ ಉತ್ತರ ಸುಲಭ: ಮಾತಾಡಬಾರದು. ಇದು ಬರೀ ನನ್ನ ಅಭಿಪ್ರಾಯವಲ್ಲ. ನ್ಯಾಯಾಧೀಶರ ನಡವಳಿಕೆ ಹೇಗಿರಬೇಕು ಅಂತ ಜಗತ್ತೆಲ್ಲ ಒಪ್ಪಿಕೊಂಡ ಒಂದು ನಿಯಮಾವಳಿ ಇದೆ. ಅದರ ಹೆಸರೇ ಬೆಂಗಳೂರು ತತ್ವಗಳು. 2001ರಲ್ಲಿ ಅದರ ಕರಡು ತಯಾರಾಗಿದ್ದು ನಮ್ಮ ಬೆಂಗಳೂರಿನಲ್ಲೇ. ಮರುವರ್ಷ ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ ಅಂತಿಮ ರೂಪ ಪಡೆಯಿತು. ಕಕ್ಷಿದಾರರು, ಸಾಕ್ಷಿಗಳು, ವಕೀಲರು, ಯಾರ ಜೊತೆಗಾದರೂ ಜಡ್ಜ್ ತಾಳ್ಮೆಯಿಂದ, ಘನತೆಯಿಂದ, ಸೌಜನ್ಯದಿಂದ ನಡೆದುಕೊಳ್ಳಬೇಕು ಅಂತ ಅದರಲ್ಲಿ ಬರೆದಿದೆ. ಊರಿನ ಹೆಸರೇನೋ ದೇಶ ದೇಶ ಸುತ್ತಿ ಬಂತು. ನಿಮ್ಮ ತಾಲ್ಲೂಕು ಕೋರ್ಟ್‌ವರೆಗೆ ಆ ಮಾತು ಇನ್ನೂ ಬಂದಿಲ್ಲ ಅಂತ ಕಾಣುತ್ತೆ.

ಇನ್ನೊಂದು ಸಂಗತಿ ಓದಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. 2024ರ ಜನವರಿ 3ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಸರ್ಕಾರಿ ಅಧಿಕಾರಿಗಳನ್ನು ಕೋರ್ಟ್‌ಗೆ ಕರೆಸಿದಾಗ ಹೇಗೆ ನಡೆಸಿಕೊಳ್ಳಬೇಕು ಅಂತ ವಿವರವಾಗಿ ಹೇಳಿತು. ಅವರ ಬಟ್ಟೆ, ರೂಪ, ಓದಿನ ಬಗ್ಗೆ ಟೀಕೆ ಮಾಡಬಾರದು. ಇಡೀ ವಿಚಾರಣೆ ಮುಗಿಯುವವರೆಗೆ ನಿಲ್ಲಿಸಬಾರದು. ಒಳ್ಳೆಯ ಮಾತು. ಆದರೆ ಕಾರ್ಯದರ್ಶಿಗಳ ಕಾಲು ನೋವು ನೆನಪಾದ ಹಾಗೆ ಕಟಕಟೆಯಲ್ಲಿ ನಿಂತ ಹೆಂಗಸಿನ ಮಂಡಿ ನೋವೂ ನೆನಪಾಗಬೇಕಿತ್ತು, ಅಲ್ವಾ?

ಈಗ ನಿಮ್ಮನ್ನು ನಿಜವಾಗಿ ಚುಚ್ಚಿದ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ‘ನಿಂಗೆ’ ಅನ್ನುವ ಪದದ ಕೆಳಗೆ ನೀವು ಎರಡು ಗೆರೆ ಎಳೆದಿದ್ದೀರಿ. ಮಗನ ವಯಸ್ಸಿನವರು ತುಂಬಿದ ಹಾಲ್‌ನಲ್ಲಿ ಏಕವಚನದಲ್ಲಿ ಮಾತಾಡಿದರು. ನಮ್ಮ ಭಾಷೆಯಲ್ಲಿ ಅವಮಾನ ಮಾಡೋಕೆ ಬೈಗುಳವೇ ಬೇಕಿಲ್ಲ, ‘ನೀವು’ ಹೋಗಿ ‘ನೀನು’ ಬಂದರೆ ಸಾಕು. ಆಮೇಲೆ ನಿಮ್ಮ ಸಾಕ್ಷ್ಯದ ಪ್ರತಿ ತೆಗೆದು ನೋಡಿದರೆ ಅಲ್ಲೇನಿದೆ? "ದಾವಾ ಸ್ವತ್ತಿನಲ್ಲಿ ನನಗೆ ಯಾವುದೇ ಹಕ್ಕಿಲ್ಲ ಎಂದರೆ ಸರಿಯಲ್ಲ." ಅಷ್ಟೇ. ಕೊನೆಗೆ ‘ಓದಿ ಹೇಳಿ ಕೇಳಲಾಗಿ ಸರಿಯಿದೆ’ ಅಂತ ಒಂದು ಸಾಲು, ಅದರ ಕೆಳಗೆ ನಿಮ್ಮ ಸಹಿ. ಕಿವಿ ಕೇಳಲ್ವಾ ಅಂದಿದ್ದೂ ಇಲ್ಲ, ಜನ ನಕ್ಕಿದ್ದೂ ಇಲ್ಲ. ಏಕವಚನ ಟೈಪ್ ಆಗುವುದಿಲ್ಲ.

ತಮಾಷೆ ನೋಡಿ. ಸಾಕ್ಷಿ ಹೇಗೆ ನಡೆದುಕೊಂಡರು ಅಂತ ಜಡ್ಜ್ ಬೇಕಿದ್ದರೆ ಬರೆದುಕೊಳ್ಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 12ನೇ ನಿಯಮ ಅದನ್ನೇ ಹೇಳುತ್ತೆ. ಜಡ್ಜ್ ಹೇಗೆ ನಡೆದುಕೊಂಡರು ಅಂತ ಬರೆಯೋಕೆ ಅಂಥ ನಿಯಮವಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟ್‌ನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ನ್ಯಾಯಮೂರ್ತಿಯೊಬ್ಬರು ವಕೀಲೆಯೊಬ್ಬರಿಗೆ ಆಡಿದ ಮಾತು, ಬೆಂಗಳೂರಿನ ಒಂದು ಬಡಾವಣೆಯನ್ನು ಪಾಕಿಸ್ತಾನ ಎಂದದ್ದು, ಎರಡೂ ಎಲ್ಲರ ಮೊಬೈಲ್‌ಗೆ ಬಂದವು. ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ತಾನಾಗೇ ವಿಷಯ ಕೈಗೆತ್ತಿಕೊಂಡಿತು. ಆ ನ್ಯಾಯಮೂರ್ತಿಗಳು ತೆರೆದ ಕೋರ್ಟ್‌ನಲ್ಲೇ ವಿಷಾದ ಹೇಳಿದರು, ಸೆಪ್ಟೆಂಬರ್ 25ಕ್ಕೆ ಪ್ರಕರಣ ಮುಗಿಯಿತು. ಇಷ್ಟು ಬೇಗ ಮುಗಿದದ್ದು ಕ್ಯಾಮೆರಾ ಇದ್ದದ್ದರಿಂದ. ನೀವು ನಿಂತಿದ್ದ ಹಾಲ್‌ನಲ್ಲಿ ಕ್ಯಾಮೆರಾ ಇರಲಿಲ್ಲ. ಹಾಗಂತ ನಿಮ್ಮ ಮಗ ಮುಂದಿನ ಸಲ ಜೇಬಿನಲ್ಲಿ ಮೊಬೈಲ್ ಆನ್ ಮಾಡಿಟ್ಟುಕೊಂಡು ಬರುವ ಯೋಚನೆ ಮಾಡಿದ್ದಾರಲ್ಲ, ಅದು ಬೇಡ. ಅನುಮತಿಯಿಲ್ಲದೆ ಕೋರ್ಟ್‌ನಲ್ಲಿ ರೆಕಾರ್ಡ್ ಮಾಡಿದರೆ ತಪ್ಪು ನಿಮ್ಮ ಕಡೆಗೇ ತಿರುಗುತ್ತೆ.

ತಿರುಗಿ ಮಾತಾಡುವ ವಿಷಯ. ಭಾರತೀಯ ನ್ಯಾಯ ಸಂಹಿತೆಯ 267ನೇ ಸೆಕ್ಷನ್ ಪ್ರಕಾರ ವಿಚಾರಣೆಗೆ ಕೂತವರನ್ನು ಬೇಕೆಂದೇ ಅವಮಾನಿಸಿದರೆ, ಕೆಲಸಕ್ಕೆ ಅಡ್ಡಿ ಮಾಡಿದರೆ ಆರು ತಿಂಗಳವರೆಗೆ ಸಾದಾ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನಿಮ್ಮ ಮಗ ಕೂಗಾಡಿದ್ದರೆ ಕಷ್ಟವಾಗುತ್ತಿತ್ತು. ಆದರೆ "ಸರ್, ಪ್ರಶ್ನೆ ನನಗೆ ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಕೇಳಲು ಹೇಳಿ" ಅನ್ನುವುದು ಅವಮಾನವಲ್ಲ. ಹತ್ತು ಸಲ ಹೇಳಿದರೂ ಅಲ್ಲ. ಅರ್ಥವಾಗದೆ ‘ಹೌದು’ ಅಂದುಬಿಟ್ಟರೆ ಅದೇ ದೊಡ್ಡ ಅಪಾಯ, ಆ ‘ಹೌದು’ ಮಾತ್ರ ತಪ್ಪದೆ ಟೈಪ್ ಆಗುತ್ತೆ. ಅಂದಹಾಗೆ ಮಹಾಸ್ವಾಮಿ, ಖಾವಂದರೇ ಏನೂ ಬೇಕಿಲ್ಲ. ಕೆಳಗಿನ ಕೋರ್ಟ್‌ಗಳಲ್ಲಿ ‘ಸರ್’ ಸಾಕು ಅಂತ ಬಾರ್ ಕೌನ್ಸಿಲ್ 2006ರಲ್ಲೇ ಹೇಳಿದೆ. 2021ರಲ್ಲಿ ನಮ್ಮ ಹೈಕೋರ್ಟ್‌ನ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ಅವರೂ, ತಮ್ಮನ್ನು ಮೈ ಲಾರ್ಡ್ ಅನ್ನಬೇಡಿ, ಸರ್ ಅನ್ನಿ ಅಂತ ವಕೀಲರನ್ನು ಕೇಳಿಕೊಂಡಿದ್ದರು.

ನಿಮ್ಮ ವಕೀಲರು ಸುಮ್ನೆ ನಿಂತಿದ್ದರು ಅಂತ ಬೇಜಾರು ಮಾಡಿಕೊಂಡಿದ್ದೀರಿ. ನನಗೂ ಬೇಜಾರೇ. ಆದರೆ ಅವರು ನಾಳೆಯೂ ಅದೇ ಜಡ್ಜ್ ಮುಂದೆ ನಿಲ್ಲಬೇಕು. ನಕ್ಕ ವಕೀಲರೂ ಅಷ್ಟೇ, ಆ ನಗುವಿನಲ್ಲಿ ಅರ್ಧ ಭಯ. ಅವರು ಜಗಳವಾಡದೆ ಮಾಡಬಹುದಾದ ಕೆಲಸ ಒಂದಿದೆ. ಸಾಕ್ಷ್ಯವನ್ನು ಸಾಮಾನ್ಯವಾಗಿ ಹೇಳಿಕೆಯ ರೂಪದಲ್ಲಿ ಬರೆದುಕೊಳ್ಳುತ್ತಾರೆ. ಆದರೆ ಅದೇ 18ನೇ ಆದೇಶದ 10ನೇ ನಿಯಮದಂತೆ, ಒಂದು ಪ್ರಶ್ನೆಯನ್ನೂ ಅದರ ಉತ್ತರವನ್ನೂ ಇದ್ದಹಾಗೇ ಬರೆದುಕೊಳ್ಳಿ ಅಂತ ವಕೀಲರು ಕೇಳಬಹುದು. ಎದುರು ವಕೀಲರ ಪ್ರಶ್ನೆಗೆ ಆಕ್ಷೇಪಣೆ ಇದ್ದರೆ ಅದನ್ನೂ ಬರೆಸಬಹುದು. ನನ್ನ ಲೆಕ್ಕದಲ್ಲಿ, ಮಾತು ಕಾಗದಕ್ಕೆ ಇಳಿಯುತ್ತೆ ಅಂತ ಗೊತ್ತಾದ ಕೂಡಲೇ ಅರ್ಧ ಒರಟುತನ ಕಮ್ಮಿಯಾಗುತ್ತೆ.

ದೂರು ಕೊಡಬಹುದಾ? ಕೊಡಬಹುದು. ಕೆಳಗಿನ ಕೋರ್ಟ್‌ಗಳೆಲ್ಲ ಹೈಕೋರ್ಟ್‌ನ ಹತೋಟಿಯಲ್ಲಿವೆ, ಅಲ್ಲಿ ಇಂಥ ದೂರು ನೋಡಿಕೊಳ್ಳುವ ಅಧಿಕಾರಿ, ವಿಜಿಲೆನ್ಸ್ ರಿಜಿಸ್ಟ್ರಾರ್ ಇದ್ದಾರೆ. ದೂರು ಕೊಟ್ಟರೆ ನ್ಯಾಯಾಂಗ ನಿಂದನೆ ಆಗುತ್ತೆ ಅಂತ ಯಾರೋ ಹೆದರಿಸಿದ್ದಾರೆ ನಿಮಗೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಸೆಕ್ಷನ್ ಅದಕ್ಕೇ ಇದೆ: ಕೆಳಗಿನ ಕೋರ್ಟ್‌ನ ಜಡ್ಜ್ ಬಗ್ಗೆ ಸದುದ್ದೇಶದಿಂದ ಹೈಕೋರ್ಟ್‌ಗೆ ಹೇಳಿಕೊಂಡರೆ ಅದು ನಿಂದನೆಯಲ್ಲ. ಆದರೆ ಹೆಸರಿಲ್ಲದ ಕಾಗದ ನಡೆಯುವುದಿಲ್ಲ, ಅಫಿಡವಿಟ್ ಬೇಕು. ಅವತ್ತು ಹಾಲ್‌ನಲ್ಲಿ ಯಾರಿದ್ದರು, ಎಷ್ಟು ಹೊತ್ತಿಗೆ, ಯಾವ ಮಾತು ಅಂತ ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ. ಕೊಡುವುದು ಬಿಡುವುದು ನಿಮ್ಮ ಸಾಕ್ಷ್ಯ ಮುಗಿದ ಮೇಲೆ ಯೋಚಿಸಿ. ಇದು ಕಾನೂನಿನ ಮಾತಲ್ಲ, ನನ್ನ ಸಲಹೆ.

ಜಡ್ಜ್‌ಗಳಿಗೂ ಕೆಲಸ ಜಾಸ್ತಿ, ನಿಜ. ಹತ್ತು ಲಕ್ಷ ಜನಕ್ಕೆ 50 ಜಡ್ಜ್ ಬೇಕು ಅಂತ ಕಾನೂನು ಆಯೋಗ 1987ರಲ್ಲೇ ಹೇಳಿತ್ತು, ಇವತ್ತಿಗೂ ಅದರ ಅರ್ಧ ಮುಟ್ಟಿಲ್ಲ. ಆದರೆ ‘ನೀವು’ ಅನ್ನೋಕೆ ‘ನೀನು’ ಅನ್ನುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಲ್ಲ.

ವರ್ಷಗಳ ಹಿಂದೆ ನಮ್ಮ ಪತ್ರಿಕೆಯ ಮೇಲೆ ಒಂದು ಮಾನನಷ್ಟ ಕೇಸಿತ್ತು. ನಮ್ಮ ಸರದಿಗೆ ಕಾಯುತ್ತಾ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಟಕಟೆಗೆ ಒಬ್ಬ ಅಜ್ಜ ಹತ್ತಿದರು, ಹೆಗಲ ಮೇಲೆ ಕಂಬಳಿ, ಕೈ ನಡುಗುತ್ತಿತ್ತು. ಜಡ್ಜ್ ಪೆನ್ನು ಕೆಳಗಿಟ್ಟು, "ಅಜ್ಜಾ, ಮೊದ್ಲು ಕೂತ್ಕೊಳ್ಳಿ. ನೀರು ಕುಡೀರಿ. ನಿಧಾನಕ್ಕೆ ಹೇಳಿ" ಅಂದರು. ಅಟೆಂಡರ್ ಸ್ಟೂಲ್ ತಂದುಕೊಟ್ಟ. ಎಲ್ಲ ಸೇರಿ ಎರಡು ನಿಮಿಷ ಹಿಡಿಯಿತೇನೋ. ಆಮೇಲೆ ಅದೇ ಜಡ್ಜ್ ನಮ್ಮ ವಿರುದ್ಧವೇ ತೀರ್ಪು ಕೊಟ್ಟರು. ಮೇಲ್ಮನವಿ ಹಾಕಿದೆವು, ಆದರೆ ಅವರ ಮೇಲೆ ಸಿಟ್ಟು ಮಾತ್ರ ಬರಲಿಲ್ಲ. ಷಿಕಾಗೋದಲ್ಲಿ ಟಾಮ್ ಟೈಲರ್ ಎಂಬ ವಿದ್ವಾಂಸರು ನೂರಾರು ಜನರನ್ನು ಮಾತಾಡಿಸಿ ಕಂಡುಕೊಂಡಿದ್ದೂ ಹೆಚ್ಚುಕಮ್ಮಿ ಇದನ್ನೇ: ತೀರ್ಪು ಯಾರ ಕಡೆಗಾಯಿತು ಅನ್ನುವುದಕ್ಕಿಂತ ತಮ್ಮನ್ನು ಹೇಗೆ ನಡೆಸಿಕೊಂಡರು ಅನ್ನುವುದು ಜನರ ಮನಸ್ಸಿನಲ್ಲಿ ನಿಲ್ಲುತ್ತೆ.

ಮುಂದಿನ ವಾಯ್ದೆಗೆ ನಿಮ್ಮ ಪಾಟಿ ಸವಾಲು ಮುಂದುವರಿಯುತ್ತೆ ಎಂದಿದ್ದೀರಿ. ಕಟಕಟೆ ಹತ್ತಿದ ಕೂಡಲೇ, ಯಾರೂ ಪ್ರಶ್ನೆ ಶುರು ಮಾಡುವ ಮೊದಲೇ, "ಸರ್, ನನಗೆ ಮಂಡಿ ನೋವು, ಕೂತು ಹೇಳ್ತೀನಿ, ಅನುಮತಿ ಕೊಡಿ" ಅಂತ ಕೇಳಿ. ವಕೀಲರ ಹತ್ತಿರ ಹೇಳಿಸಬೇಡಿ. ನೀವೇ ಕೇಳಿ. ಏನಾಯಿತು ಅಂತ ಒಂದು ಕಾರ್ಡ್ ಹಾಕಿ.

ಇಂತಿ,
ಸಂಪಾದಕ