ನಮ್ಮ ಕಡೆಯ ಜಾನಪದ ಆಲ್ಬಂ ಹಾಡುಗಳ ವಿಡಿಯೊ ವಿಶ್ಲೇಷಿಸಲು ಯಾವ ಮಾಧ್ಯಮ ಸಿದ್ಧಾಂತಗಳು ಬೇಕು?

ಬ್ರಿಟನ್ನಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ಅವರಿಂದ ಶುರು ಮಾಡಿ. 1973ರಲ್ಲಿ ಅವರು ಮಂಡಿಸಿದ ವಾದದ ತಿರುಳು ಇಷ್ಟು: ತಯಾರಕರು ತುಂಬಿದ ಅರ್ಥವನ್ನೇ ನೋಡುಗರು ಪಡೆಯಬೇಕೆಂದಿಲ್ಲ. ಪೂರ್ತಿ ಒಪ್ಪಬಹುದು, ಅರ್ಧ ಒಪ್ಪಬಹುದು, ತಳ್ಳಿಯೂ ಹಾಕಬಹುದು. ಹುಬ್ಬಳ್ಳಿಯ ಮದುವೆ ಮೆರವಣಿಗೆಯಲ್ಲಿ ಡಿಜೆ ಹಾಕುವ ಹಾಡನ್ನೇ ತೆಗೆದುಕೊಳ್ಳಿ. ಹುಡುಗಿಯ ಬೆನ್ನು ಬಿದ್ದ ನಾಯಕನಿಗೆ ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಅದೇ ತಾಳಕ್ಕೆ ಮನಸಾರೆ ಕುಣಿಯುವ ವಧುವಿನ ತಂಗಿಗೆ ಆ ಸಾಲುಗಳು ಹಿಡಿಸದೇ ಇರಬಹುದು. ಹಾಲ್ ಹೇಳುವ ರಾಜಿಯ ಓದು, ಅಂದರೆ ಅರ್ಧ ಒಪ್ಪಿ ಅರ್ಧ ಬಿಡುವುದು, ಇದೇ. ಪ್ರೇಕ್ಷಕರನ್ನು ಪೆದ್ದರೆಂದು ಎಣಿಸುವ ವಿಶ್ಲೇಷಣೆಯನ್ನು ನಾನಂತೂ ಒಪ್ಪುವುದಿಲ್ಲ.

ಹೆಣ್ಣನ್ನು ತೆರೆಯ ಮೇಲೆ ಹೇಗೆ ತೋರಿಸುತ್ತಾರೆ ಎಂಬ ಪ್ರಾತಿನಿಧ್ಯದ ಪ್ರಶ್ನೆಗೆ ಸಿನಿಮಾ ಚಿಂತಕಿ ಲಾರಾ ಮಲ್ವಿ (1975) ಬೇಕೇ ಬೇಕು. ಕ್ಯಾಮೆರಾ ಗಂಡಿನ ಕಣ್ಣಾಗಿ ಹೆಣ್ಣನ್ನು ನೋಟದ ವಸ್ತುವಾಗಿಸುತ್ತದೆ ಎಂದವರು ಅವರು. ಬರೆದದ್ದು ಹಾಲಿವುಡ್ ಸಿನಿಮಾ ಕುರಿತು, ನಿಜ. ಆದರೂ ಇಳಕಲ್ ಸೀರೆಯುಟ್ಟ ನಾಯಕಿಯ ಮುಖ ಎಷ್ಟು ಸೆಕೆಂಡು, ಸೊಂಟ ಎಷ್ಟು ಸೆಕೆಂಡು ತೆರೆಯ ಮೇಲಿದೆ ಎಂದು ಲೆಕ್ಕ ಹಾಕಿ ನೋಡಿ.

ವಿಡಿಯೊದ ರಚನೆಗೆ, ಸಂಗೀತ ವಿಡಿಯೊಗಳ ಬಗ್ಗೆ ಬರೆದ ಆಂಡ್ರ್ಯೂ ಗುಡ್‌ವಿನ್ (1992) ಸಾಕು. ದೃಶ್ಯವು ಹಾಡಿನ ಮಾತನ್ನೇ ತೋರಿಸುತ್ತದೆಯೇ, ಅದಕ್ಕೆ ಹೊಸ ಅರ್ಥ ಕೂಡಿಸುತ್ತದೆಯೇ, ಇಲ್ಲವೇ ಸಂಬಂಧವನ್ನೇ ಕಡಿದುಕೊಳ್ಳುತ್ತದೆಯೇ? ಹಾಡಿನಲ್ಲಿ ಜೋಳದ ಹೊಲ, ತೆರೆಯಲ್ಲೂ ಹೊಲವೇ ಇದ್ದರೆ ಅದು ಮೊದಲನೆಯ ಬಗೆ.