ಹದಿನೈದು ಮಂದಿಗೆ ಅಷ್ಟು ದೊಡ್ಡ ವಿಮಾನವೇಕೆ?

ಮಾನ್ಯರೇ,

ಬೆಂಗಳೂರಿನ ಮುರುಗೇಶಪಾಳ್ಯದಿಂದ ನೀವು ಬರೆದ ಪತ್ರ ತಲುಪಿದೆ. ಮನೆಯ ತಾರಸಿಯಿಂದ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುವ ವಿಮಾನಗಳನ್ನು ನೋಡುತ್ತಿರುವ ನೀವು, ಯಾವ ವಿಮಾನಯಾನ ಸಂಸ್ಥೆಯ ಹೆಸರೂ ಇಲ್ಲದ, ಆದರೆ ನಾವೆಲ್ಲ ಟಿಕೆಟ್ ಕೊಂಡು ಹತ್ತುವ ಬೋಯಿಂಗ್ 737ರಷ್ಟೇ ದೊಡ್ಡದಾದ ವಿಮಾನವೊಂದನ್ನು ಕಂಡು, ‘ಅದರಲ್ಲಿ ಹೋಗುವವರು ಹದಿನೈದಿಪ್ಪತ್ತು ಮಂದಿಯಂತೆ, ಅಷ್ಟಕ್ಕೆ ಇಷ್ಟು ದೊಡ್ಡದೇಕೆ, ಇದು ದುಡ್ಡಿನ ಪ್ರದರ್ಶನವಲ್ಲದೆ ಮತ್ತೇನು?’ ಎಂದು ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ ಇದು. ವಿಮಾನ ಒಂದೇ ಆದರೂ ಅದು ಕಂಪನಿಯ ಕೈಯಲ್ಲಿದೆಯೋ, ಬಾಡಿಗೆಗೆ ಬಿಡುವವರ ಕೈಯಲ್ಲಿದೆಯೋ, ಸರ್ಕಾರದ ಕೈಯಲ್ಲಿದೆಯೋ ಎಂಬುದರ ಮೇಲೆ ನನ್ನ ಉತ್ತರ ಬದಲಾಗುತ್ತದೆ.

ಮೊದಲು ವಿಮಾನದ ವಿಷಯ. ಬೋಯಿಂಗ್ ಮತ್ತು ಜನರಲ್ ಎಲೆಕ್ಟ್ರಿಕ್ ಕಂಪನಿಗಳು ಕೂಡಿ 1996ರಲ್ಲಿ ಬೋಯಿಂಗ್ ಬಿಸಿನೆಸ್ ಜೆಟ್ ಎಂಬ ಯೋಜನೆಯನ್ನು ಆರಂಭಿಸಿದವು. 737-700ರ ಒಡಲಿಗೆ 737-800ರ ಬಲವಾದ ರೆಕ್ಕೆಗಳನ್ನು ಜೋಡಿಸಿ, ಲಗೇಜು ತುಂಬುವ ಹೊಟ್ಟೆಯ ಭಾಗದಲ್ಲಿ ಹೆಚ್ಚುವರಿ ಇಂಧನ ಟ್ಯಾಂಕ್‌ಗಳನ್ನು ಕೂರಿಸಿದ್ದರಿಂದ ಅದು ನಿಲ್ಲದೆ 11,000 ಕಿಲೋಮೀಟರಿಗೂ ಹೆಚ್ಚು ದೂರ ಹಾರಬಲ್ಲದು. ಕಾರ್ಖಾನೆಯಿಂದ ಹೊರಬರುವಾಗ ಅದರೊಳಗೆ ಒಂದು ಸೀಟೂ ಇರುವುದಿಲ್ಲ. ಮೈಮೇಲೆ ತುಕ್ಕು ಹಿಡಿಯದಂತೆ ಬಳಿದ ಹಸಿರು ಲೇಪವಷ್ಟೇ ಇರುತ್ತದೆ, ಆ ಉದ್ಯಮದವರು ಅದನ್ನು ‘ಹಸಿರು ವಿಮಾನ’ ಎಂದೇ ಕರೆಯುತ್ತಾರೆ. ಅನಂತರ ಬೇರೊಂದು ಕಾರ್ಯಾಗಾರದಲ್ಲಿ ತಿಂಗಳುಗಟ್ಟಲೆ ಕೆಲಸ ನಡೆದು ಮಲಗುವ ಕೋಣೆ, ಸಭೆಯ ಮೇಜು, ಸ್ನಾನದ ಮನೆ ಎಲ್ಲವೂ ಅದರೊಳಗೆ ಬರುತ್ತವೆ. ನೀವು ಹೇಳಿದ ‘ಹದಿನೈದಿಪ್ಪತ್ತು ಮಂದಿ’ಗೂ ಒಂದು ಕಾರಣವಿದೆ. ಅಮೆರಿಕದ ನಿಯಮಗಳ ಪ್ರಕಾರ 19ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಗಗನಸಖಿಯರು ಇರಲೇಬೇಕು; ಹೀಗಾಗಿ ಇಂಥ ಬಹಳಷ್ಟು ವಿಮಾನಗಳ ಆಸನ ಸಂಖ್ಯೆ 19ಕ್ಕೇ ನಿಲ್ಲುತ್ತದೆ.

ಕಂಪನಿಗಳ ಮಟ್ಟಿಗೆ ನಿಮ್ಮ ಅಸಮಾಧಾನದಲ್ಲಿ ನಾನೂ ಬಹುಪಾಲು ಸಹಭಾಗಿ. ಕಂಪನಿಗೆ ಸ್ವಂತ ವಿಮಾನವೇ ಬೇಡವೆಂದು ನಾನು ಹೇಳಲಾರೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಕಂಪನಿಯೇ ವಿಮಾನ ನಿಲ್ದಾಣ ಕಟ್ಟಿಸಿಕೊಂಡಿರುವುದಕ್ಕೆ ಅರ್ಥವಿದೆ. ದೂರದ ಕಾರ್ಖಾನೆಗೆ ಬೆಳಿಗ್ಗೆ ಹೋಗಿ ಸಂಜೆ ಮರಳಬೇಕಾದ ಎಂಜಿನಿಯರಿಗೆ ಉಳಿಯುವ ಎರಡು ದಿನಗಳಿಗೂ ಬೆಲೆಯಿದೆ. ಆದರೆ ಅಂಥ ಕೆಲಸಕ್ಕೆ ಚಿಕ್ಕ ವಿಮಾನವೇ ಹೆಚ್ಚು ಅನುಕೂಲ, ಏಕೆಂದರೆ ದೊಡ್ಡದಕ್ಕೆ ಉದ್ದದ ರನ್‌ವೇ ಬೇಕು. ದೂರ ಹಾರುವುದೇ ಅಗತ್ಯವಾದರೂ, ಗಲ್ಫ್‌ಸ್ಟ್ರೀಮ್ ಜಿ650ಇಆರ್ ಎಂಬ, ಗಾತ್ರದಲ್ಲಿ ಬಹಳ ಸಣ್ಣದಾದ ಜೆಟ್ ಸುಮಾರು 13,900 ಕಿಲೋಮೀಟರ್ ಹಾರುತ್ತದೆ. 2008ರ ನವೆಂಬರಿನಲ್ಲಿ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಕಂಪನಿಗಳ ಮುಖ್ಯಸ್ಥರು ಸರ್ಕಾರದಿಂದ ನೆರವು ಕೇಳಲು ಡೆಟ್ರಾಯಿಟ್‌ನಿಂದ ವಾಷಿಂಗ್ಟನ್ನಿಗೆ ಮೂರು ಬೇರೆ ಬೇರೆ ಖಾಸಗಿ ಜೆಟ್‌ಗಳಲ್ಲಿ ಹೋಗಿ ಸಂಸದರ ಕೋಪಕ್ಕೆ ಗುರಿಯಾದದ್ದು ನಿಮಗೆ ನೆನಪಿರಬಹುದು.

ಬಾಡಿಗೆಯ ವ್ಯವಹಾರ ಬೇರೆ. ನಮ್ಮ ದೇಶದಲ್ಲಿ ಖಾಸಗಿ ವರ್ಗದಲ್ಲಿ ನೋಂದಣಿಯಾದ ವಿಮಾನದಲ್ಲಿ ಹಣ ಪಡೆದು ಯಾರನ್ನೂ ಕರೆದೊಯ್ಯುವಂತಿಲ್ಲ; ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರತ್ಯೇಕ ಪರವಾನಗಿ ಬೇಕು. ಕ್ರೀಡಾ ತಂಡಗಳು, ಸಂಗೀತ ಪ್ರವಾಸದ ತಂಡಗಳು, ಚುನಾವಣೆಯ ಪ್ರಚಾರಕರು ಇದರ ಗಿರಾಕಿಗಳು. ನೆಟ್‌ಜೆಟ್ಸ್ ಕಂಪನಿ 1986ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಪಾಲುದಾರಿಕೆಯ ಪದ್ಧತಿಯಲ್ಲಂತೂ ವಿಮಾನದ ಹದಿನಾರನೇ ಒಂದು ಪಾಲು ಕೊಂಡವರಿಗೆ ವರ್ಷಕ್ಕೆ 50 ಗಂಟೆಗಳ ಹಾರಾಟ ಸಿಗುತ್ತದೆ. ವರ್ಷದ ಬಹುಕಾಲ ಹ್ಯಾಂಗರಿನಲ್ಲಿ ನಿಲ್ಲುವ ಸ್ವಂತ ವಿಮಾನಕ್ಕಿಂತ ಹತ್ತು ಜನರ ಕೆಲಸಕ್ಕೆ ಬರುವ ಬಾಡಿಗೆ ವಿಮಾನ ಮೇಲು ಎಂಬುದು ನನ್ನ ಅಭಿಪ್ರಾಯ. ಬಿಟ್ಟುಬಂದ ಮೇಲೆ ಖಾಲಿ ಮರಳುವ ಹಾರಾಟದ ಇಂಧನವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ನಿಜ.

ಸರ್ಕಾರಗಳ ವಿಷಯದಲ್ಲಿ ಮಾತ್ರ ನಾನು ನಿಮ್ಮಷ್ಟು ಬೇಗ ತೀರ್ಪು ಕೊಡಲಾರೆ. ಮೆಕ್ಸಿಕೊ ದೇಶದ ಕತೆ ಕೇಳಿ. 2012ರಲ್ಲಿ ಆ ಸರ್ಕಾರ ಅಧ್ಯಕ್ಷರಿಗೆಂದು ಬೋಯಿಂಗ್ 787 ವಿಮಾನವನ್ನು ಕೊಳ್ಳಲು ತೀರ್ಮಾನಿಸಿತು. ಬೆಲೆ ಸುಮಾರು 21.8 ಕೋಟಿ ಡಾಲರ್. 2018ರಲ್ಲಿ ಅಧಿಕಾರಕ್ಕೆ ಬಂದ ಲೋಪೆಸ್ ಒಬ್ರಡೋರ್, ಬಡವರ ದೇಶದಲ್ಲಿ ಇಂಥ ವೈಭವ ಸಲ್ಲದೆಂದು ಅದನ್ನು ಹತ್ತದೆ, ಸಾಮಾನ್ಯ ವಿಮಾನಗಳಲ್ಲೇ ಓಡಾಡಿದರು. ಅವರ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ವಿಮಾನ ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್‌ನಲ್ಲಿ ಒಂದೂವರೆ ವರ್ಷ ನಿಂತಿತು, ನಿಂತ ವಿಮಾನಕ್ಕೂ ನಿರ್ವಹಣೆಯ ಖರ್ಚು ತಪ್ಪಲಿಲ್ಲ, ಕೊಳ್ಳುವವರು ಬರಲಿಲ್ಲ. ಅದರ ಹೆಸರಿನಲ್ಲಿ 2020ರಲ್ಲಿ ಲಾಟರಿ ನಡೆಯಿತು, ಗೆದ್ದವರಿಗೆ ಸಿಕ್ಕದ್ದು ವಿಮಾನವಲ್ಲ, ಹಣ. ಕೊನೆಗೆ 2023ರಲ್ಲಿ ತಜಿಕಿಸ್ತಾನ ಅದನ್ನು ಸುಮಾರು 9.2 ಕೋಟಿ ಡಾಲರಿಗೆ ಕೊಂಡಿತು. ಒಬ್ಬರ ಅಗತ್ಯಕ್ಕೆ ತಕ್ಕಂತೆ ಒಳಾಂಗಣ ಮಾಡಿಸಿದ ದೊಡ್ಡ ವಿಮಾನ ಇನ್ನೊಬ್ಬರಿಗೆ ಹೊಂದುವುದು ಅಪರೂಪ. ಸೇವಾ ತೆರಿಗೆ ಬಾಕಿಗಾಗಿ ಜಪ್ತಿಯಾಗಿ ಮುಂಬೈಯಲ್ಲಿ ನಿಂತಿದ್ದ ವಿಜಯ್ ಮಲ್ಯ ಅವರ ಏರ್‌ಬಸ್ ಎ319 ಕೂಡ ಹಲವು ಹರಾಜು ವಿಫಲವಾದ ಮೇಲೆ 2018ರಲ್ಲಿ 34.8 ಕೋಟಿ ರೂಪಾಯಿಗೆ ಹೋಯಿತು.

ಇದಕ್ಕೆ ವಿರುದ್ಧ ನಿದರ್ಶನವೂ ಇದೆ. 2018ರ ನವೆಂಬರಿನಲ್ಲಿ ಜಿ20 ಸಭೆಗೆ ಹೊರಟ ಜರ್ಮನಿಯ ಚಾನ್ಸಲರ್ ಮರ್ಕೆಲ್ ಅವರ ಹಳೆಯ ಎ340 ವಿಮಾನ ದಾರಿಯಲ್ಲೇ ಕೆಟ್ಟು ಮರಳಬೇಕಾಯಿತು. ಮರುದಿನ ಅವರು ಸಾಮಾನ್ಯ ಪ್ರಯಾಣಿಕರ ವಿಮಾನದಲ್ಲಿ ಹೋಗಿ ಸಭೆಗೆ ತಡವಾಗಿ ಸೇರಿಕೊಂಡರು. ಆಮೇಲೆ ಜರ್ಮನಿ ಮೂರು ಎ350 ವಿಮಾನಗಳನ್ನು ಕೊಂಡಿತು. ಅದನ್ನು ದುಂದು ಎನ್ನಲು ನನಗೆ ಮನಸ್ಸಾಗದು. ಭದ್ರತೆ, ಗೋಪ್ಯ ಸಂಪರ್ಕ ವ್ಯವಸ್ಥೆ, ಜೊತೆಗೆ ಬರುವ ಅಧಿಕಾರಿಗಳ ತಂಡ ಇವೆಲ್ಲಕ್ಕೂ ಜಾಗ ಬೇಕು. ನಾವು ಪಟ್ಟು ಹಿಡಿದು ಕೇಳಬೇಕಾದದ್ದು ಗಾತ್ರವನ್ನಲ್ಲ, ಲೆಕ್ಕವನ್ನು: ಯಾವ ಪ್ರಯಾಣ, ಯಾವ ಕೆಲಸಕ್ಕೆ, ಯಾರು ಯಾರು ಹತ್ತಿದ್ದರು, ಎಷ್ಟು ಖರ್ಚಾಯಿತು. ಸಾರ್ವಜನಿಕರ ಹಣದಿಂದ ಹಾರುವ ಪ್ರತಿ ವಿಮಾನದ ಈ ವಿವರ, ಭದ್ರತೆಗೆ ಧಕ್ಕೆಯಾಗದಷ್ಟು ಕಾಲ ಕಳೆದ ಮೇಲೆ, ಕೇಳದೆಯೇ ಪ್ರಕಟವಾಗಬೇಕು.

ನೀವು ಕಂಡದ್ದು ಯಾರದೆಂದು ಇಲ್ಲಿಂದ ಹೇಳಲಾರೆ. ಮುಂದಿನ ಸಲ ಅದರ ಬಾಲದ ಬಳಿಯ ಅಕ್ಷರಗಳನ್ನು ನೋಡಿ. ‘ವಿಟಿ’ ಎಂದು ಆರಂಭವಾದರೆ ಅದು ಭಾರತದಲ್ಲಿ ನೋಂದಣಿಯಾದ ನಾಗರಿಕ ವಿಮಾನ. ‘ಎನ್’ ಎಂದಿದ್ದರೆ ಅಮೆರಿಕದ್ದು. ‘ಕೆ’ ಅಕ್ಷರದ ನಂತರ ನಾಲ್ಕು ಅಂಕಿಗಳಿದ್ದರೆ ಅದು ವಾಯುಪಡೆಯದು, ದೆಹಲಿಯ ಪಾಲಂನಲ್ಲಿರುವ ಗಣ್ಯರ ವಿಮಾನಗಳಲ್ಲೊಂದೂ ಆಗಿರಬಹುದು. ವಾಯುಪಡೆಯ ಬಳಿ ನಾನು ಮೇಲೆ ಹೇಳಿದ ಬಿಸಿನೆಸ್ ಜೆಟ್‌ಗಳು ಮೂರಿವೆ: ರಾಜದೂತ, ರಾಜಹಂಸ, ರಾಜಕಮಲ.

— ಸಂಪಾದಕ